ಊರ ವೀರಗಲ್ಲಿನ ಸುತ್ತ ಒಂದು ದಿನದ ಚರಿತ್ರೆ ಹಬ್ಬ: ತಯಾರಿ ಹೇಗೆ? ಬಲ್ಲವರು ತಿಳಿಸಿ

ಶಿಂಷಾ ದಡ

ಎಲ್ಲರಿಗೂ ನಮಸ್ಕಾರ. ಮದ್ದೂರು ಸೀಮೆಯ ಒಂದು ಊರು. ಈಶ್ವರನ ಗುಡಿ ಪಕ್ಕದಲ್ಲಿ ಮೂರು ವೀರಗಲ್ಲು, ಒಂದು ಮಾಸ್ತಿಕಲ್ಲು ಇವೆ. ಎರಡು ವೀರಗಲ್ಲಿನ ಮೇಲೆ ಅಕ್ಷರ ಕಾಣುತ್ತದೆ. ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಊರಿನವರೇ ಸೇರಿ ಚರಿತ್ರೆ ಹಬ್ಬ ಮಾಡಬೇಕು ಅಂತ ತೀರ್ಮಾನ ಆಗಿದೆ. 300 ಜನ ಸೇರಬಹುದು. ಕಲ್ಲುಗಳನ್ನು ತೊಳೆದು ಬಣ್ಣ ಹೊಡೆಸಿ ಸಿಮೆಂಟ್ ಕಟ್ಟೆ ಕಟ್ಟೋಣ, ಮೆರವಣಿಗೆ ಮಾಡೋಣ, ನಾಟಕ ಆಡಿಸೋಣ ಅಂತ ಮಾತು ನಡೆದಿದೆ. ಎಲ್ಲಿಂದ ಶುರು ಮಾಡಬೇಕು? ಏನು ತಪ್ಪಾಗಬಹುದು?

ಕಲ್ಬರಹ

ಬಣ್ಣ, ಸಿಮೆಂಟ್ ಎರಡನ್ನೂ ಇವತ್ತೇ ಕೈಬಿಡಿ. ಮಿಕ್ಕಿದ್ದನ್ನೆಲ್ಲ ಆಮೇಲೆ ಮಾತಾಡಬಹುದು.

ಎನಾಮಲ್ ಬಣ್ಣ ಹೊಡೆದರೆ ಕಲ್ಲಿನ ಒಳಗಿನ ತೇವ ಹೊರಗೆ ಬರುವ ದಾರಿ ಮುಚ್ಚುತ್ತದೆ. ನಾಲ್ಕೈದು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಹೊಪ್ಪಳೆ ಎದ್ದು ಬರುತ್ತದೆ. ಬಳಪದ ಕಲ್ಲಾದರೆ ಅದರ ಜೊತೆ ಅಕ್ಷರದ ಅಂಚೂ ಬರುತ್ತದೆ. ಸಿಮೆಂಟ್ ಕಟ್ಟೆಯದು ಇನ್ನೊಂದು ಅನಾಹುತ. ವೀರಗಲ್ಲಿನ ಮುಖ್ಯ ಸಂಗತಿ ಇರುವುದು ಕೆಳಗಿನ ಪಟ್ಟಿಯಲ್ಲಿ, ಕಾಳಗ ಕೆತ್ತಿರುವುದು ಅಲ್ಲೇ. ಎಷ್ಟೋ ಊರಲ್ಲಿ ಕಲ್ಲು ಅಲ್ಲಾಡದಿರಲಿ ಅಂತ ಒಂದೂವರೆ ಅಡಿ ಸಿಮೆಂಟ್ ಸುರಿದು ಆ ಪಟ್ಟಿಯನ್ನೇ ಹೂತುಬಿಟ್ಟಿದ್ದಾರೆ. ಸಿಮೆಂಟಿನ ಉಪ್ಪು ನೀರಿನ ಜೊತೆ ಕಲ್ಲಿನೊಳಕ್ಕೆ ಏರಿ ಒಣಗುವಾಗ ಮೇಲ್ಪದರವನ್ನು ಪುಡಿ ಮಾಡುತ್ತದೆ. ಕಲ್ಲು ವಾಲಿದ್ದರೆ ಬುಡಕ್ಕೆ ಮರಳು, ಜಲ್ಲಿ ತುಂಬಿ ಗಿಡಿದರೆ ಸಾಕು, ನೀರು ಇಳಿದು ಹೋಗುತ್ತದೆ.

ಇನ್ನು ಶುರು ಎಲ್ಲಿಂದ ಅಂದಿರಿ. ಕಲ್ಲು ಏನು ಹೇಳುತ್ತದೆ ಅಂತ ತಿಳಿಯುವುದರಿಂದ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ (ನಾಡಿನ ಶಾಸನಗಳ ಪಾಠ ಇರುವ ಗ್ರಂಥಮಾಲೆ) ಪರಿಷ್ಕೃತ ಸಂಪುಟಗಳಲ್ಲಿ 7ನೆಯದು ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳದು. 6ನೆಯದು ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದ್ದು. ತಾಲ್ಲೂಕಿನ ಒಳಗೆ ಊರಿನ ಹೆಸರು ಹುಡುಕಿ. ಸಿಗದಿದ್ದರೆ ಅಕ್ಕಪಕ್ಕದ ಬೇಚರಾಕ್ (ಜನ ಬಿಟ್ಟುಹೋದ) ಊರಿನ ಹೆಸರಲ್ಲೂ ನೋಡಿ. ಈ ಮಾಲೆಯನ್ನು ಮೊದಲು ಹೊರತಂದ ಬಿ.ಎಲ್. ರೈಸ್ ಅವರ ಹಳೆಯ ಸಂಪುಟ ಹಿಡಿದರೆ ಒಂದು ಎಚ್ಚರ ಬೇಕು. ಈಗಿನ ಮದ್ದೂರು ತಾಲ್ಲೂಕಿನ ಆತಕೂರು ಶಾಸನ ಅಲ್ಲಿ ಮಂಡ್ಯ ತಾಲ್ಲೂಕಿನ ಪಟ್ಟಿಯಲ್ಲಿದೆ. 'ನಮ್ಮ ಊರಿನದು ಪುಸ್ತಕದಲ್ಲಿಲ್ಲ' ಅಂತ ಬೇಗ ಕೈಚೆಲ್ಲಬೇಡಿ.

ನಿಜವಾಗಿಯೂ ಪ್ರಕಟವಾಗದ ಶಾಸನ ಆಗಿದ್ದರೆ ಫೋಟೊ ಸಮೇತ ಮೈಸೂರಿಗೆ ಬರೆಯಿರಿ. ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗದ ಕೇಂದ್ರ ಕಚೇರಿ, ರಾಜ್ಯದ ಪುರಾತತ್ವ, ಸಂಗ್ರಹಾಲಯ ಮತ್ತು ಪರಂಪರೆ ಇಲಾಖೆ ಎರಡೂ ಅಲ್ಲೇ ಇವೆ.

ನಾಲೆ ಏರಿ

ಅಕ್ಷರ ಕಾಣಲಿ ಅಂತ ಸೀಮೆಸುಣ್ಣ ತುಂಬುತ್ತಾರಲ್ಲ, ಅದು ಸರಿಯಾ ಅಣ್ಣ? ಮತ್ತೆ ತೊಳೆಯುವುದು ಹೇಗೆ?

ಕಲ್ಬರಹ

ಸೀಮೆಸುಣ್ಣ ಬೇಡ. ತುಂಬುವವರು ತಮಗೆ ಕಂಡ ಅಕ್ಷರವನ್ನು ತುಂಬುತ್ತಾರೆ, ಕಲ್ಲಿನಲ್ಲಿ ಇರುವ ಅಕ್ಷರವನ್ನಲ್ಲ. ಆಮೇಲೆ ಬಂದವರಿಗೆ ಆ ತಪ್ಪೇ ಪಾಠವಾಗುತ್ತದೆ. ಅಕ್ಷರ ಕಾಣಬೇಕಾದರೆ ಓರೆಬೆಳಕು ಬೇಕು. ಕತ್ತಲಾದ ಮೇಲೆ ಒಂದು ಒಳ್ಳೆ ಟಾರ್ಚನ್ನು ಕಲ್ಲಿನ ಪಕ್ಕದಿಂದ, ಮೈಗೆ ಹೆಚ್ಚುಕಡಿಮೆ ತಾಗುವಂತೆ, 10–15 ಡಿಗ್ರಿ ಓರೆಯಲ್ಲಿ ಹಿಡಿಯಿರಿ. ಹಗಲಲ್ಲಿ ಏನೂ ಕಾಣದ ಕಲ್ಲಿನ ಮೇಲೆ ಸಾಲು ಸಾಲು ಎದ್ದು ಬರುತ್ತದೆ. ಬೆಳಕನ್ನು ಒಮ್ಮೆ ಎಡದಿಂದ, ಒಮ್ಮೆ ಬಲದಿಂದ, ಒಮ್ಮೆ ಮೇಲಿಂದ ಹಾಯಿಸಿ ಮೂರು ಫೋಟೊ ತೆಗೆಯಿರಿ. ಎಡದ ಬೆಳಕಿನಲ್ಲಿ ಮರೆಯಾಗುವ ಗೀರು ಮೇಲಿನ ಬೆಳಕಿನಲ್ಲಿ ಸಿಗುತ್ತದೆ. ಹಗಲಲ್ಲೇ ಆಗಬೇಕಾದರೆ ಒಂದು ಕನ್ನಡಿ ಹಿಡಿದು ಬಿಸಿಲನ್ನು ಪಕ್ಕದಿಂದ ತಿರುಗಿಸಿ.

ತೊಳೆಯುವುದಕ್ಕೆ ಬರೀ ನೀರು, ಮೆತ್ತನೆ ನೈಲಾನ್ ಬ್ರಷ್. ಸೋಪಿನ ಪುಡಿ, ಆಸಿಡ್, ತಂತಿ ಬ್ರಷ್, ಮರಳು ಕಾಗದ ಯಾವುದೂ ಬೇಡ. ಮೊದಲು ಅರ್ಧ ಗಂಟೆ ಒದ್ದೆ ಬಟ್ಟೆ ಹೊದಿಸಿ ಬಿಡಿ, ಪಾಚಿ ಸಡಿಲವಾಗುತ್ತದೆ. ಆಮೇಲೆ ಬುಡದಿಂದ ಮೇಲಕ್ಕೆ ಉಜ್ಜಿಕೊಂಡು ಹೋಗಿ. ಮೇಲಿಂದ ಶುರು ಮಾಡಿದರೆ ಕೊಳಕು ನೀರು ಒಣಕಲ್ಲಿನ ಮೇಲೆ ಗೆರೆ ಗೆರೆಯಾಗಿ ಇಳಿದು ಕಲೆ ಕಟ್ಟುತ್ತದೆ. ಅಕ್ಷರದೊಳಗಿನ ಮಣ್ಣಿಗೆ ಬಿದಿರಿನ ಸೀಳು ಸಾಕು, ಮೊಳೆ, ಸೂಜಿ ತಾಗಿಸಬೇಡಿ. ಹಳೆಯ ಸುಣ್ಣ ಗಟ್ಟಿಯಾಗಿ ಕೂತಿದ್ದರೆ ಕೆರೆಯಲು ಹೋಗಬೇಡಿ, ಅದು ಇಲಾಖೆಯ ರಸಾಯನ ವಿಭಾಗದ ಕೆಲಸ. ಈ ಎಲ್ಲ ಕೆಲಸ ಹಬ್ಬಕ್ಕೆ ಎರಡು ವಾರ ಮೊದಲೇ ಮುಗಿಯಲಿ. ಹಿಂದಿನ ದಿನ ಇಟ್ಟುಕೊಂಡರೆ ಆತುರಕ್ಕೆ ಯಾರೋ ತಂತಿ ಬ್ರಷ್ ಹಿಡಿದೇ ಹಿಡಿಯುತ್ತಾರೆ.

ಗುಡಿ ಬೀದಿ

ಒಂದು ಮಾತು. ಊರಲ್ಲಿ ಆ ಕಲ್ಲು ಬರೀ ಕಲ್ಲಲ್ಲ, 'ವೀರಪ್ಪ' ಅಂತಲೋ 'ಬೀರೇದೇವ್ರು' ಅಂತಲೋ ಪೂಜೆ ಇರುತ್ತೆ. ಮಾಸ್ತಿಕಲ್ಲಿಗೆ ಹೆಣ್ಮಕ್ಕಳು ಅರಿಶಿನ ಕುಂಕುಮ ಹಚ್ತಾರೆ. ಎಣ್ಣೆ ಹಚ್ಚಬೇಡಿ ಅಂದ್ರೆ ಹಬ್ಬ ಶುರುವಾಗೋಕೆ ಮುಂಚೆನೇ ಜಗಳ. ಅದನ್ನ ಹೇಗೆ ನಿಭಾಯಿಸ್ತೀರಿ?

ಕಲ್ಬರಹ

ಅಕ್ಕ, ನೀವು ಹೇಳಿದ್ದು ಸರಿ. ಪೂಜೆ ಇದ್ದದ್ದರಿಂದಲೇ ಎಷ್ಟೋ ವೀರಗಲ್ಲು ಒಗೆಯುವ ಕಲ್ಲಾಗದೆ, ಮೋರಿಗೆ ಚಪ್ಪಡಿಯಾಗದೆ ಉಳಿದಿವೆ. ನಿಲ್ಲಿಸಿ ಅನ್ನುವ ಹಕ್ಕು ಹೊರಗಿನವರಿಗೆ ಇಲ್ಲ. ಆದರೆ ಎಣ್ಣೆಗೆ ದೂಳು ಕೂತು ಕರಿಯ ಜಡ್ಡು ಕಟ್ಟಿದರೆ ಅಕ್ಷರ ಮುಚ್ಚಿಹೋಗುತ್ತದೆ ಅನ್ನುವುದೂ ನಿಜ. ಕಲ್ಲಿನ ಮುಂದೆ ಒಂದು ಚಿಕ್ಕ ಪೀಠದ ಕಲ್ಲು ಇಟ್ಟು ಎಣ್ಣೆ, ಕುಂಕುಮ, ಕರ್ಪೂರ ಎಲ್ಲ ಅದಕ್ಕೆ ಸಲ್ಲಲಿ. ವೀರಗಲ್ಲಿಗೆ ನೀರು, ಹೂವಿನ ಹಾರ ಮಾತ್ರ. ಅದಕ್ಕೂ ಒಪ್ಪದಿದ್ದರೆ ಕುಂಕುಮ ವೀರನ ಹಣೆಗೆ ಇಡಲಿ, ಅಕ್ಷರದ ಪಟ್ಟಿ ಬಿಡಲಿ. ಅಕ್ಷರ ಯಾವ ಪಟ್ಟಿಯಲ್ಲಿದೆ ಅಂತ ಪೂಜೆ ಮಾಡುವವರಿಗೇ ಓರೆಬೆಳಕಿನಲ್ಲಿ ತೋರಿಸಿ, ಓದಿ ಹೇಳಿ. ವೀರನ ಹೆಸರು ಗೊತ್ತಾದ ಮೇಲೆ ಅದನ್ನು ಕಾಯುವವರು ಅವರೇ. ಕರ್ಪೂರದ ಆರತಿ ಕಲ್ಲಿಗೆ ತಾಗದಂತೆ ಒಂದು ಮೊಳ ದೂರ ಇರಲಿ. ಬಿಸಿ ಕಲ್ಲಿಗೆ ಒಳ್ಳೆಯದಲ್ಲ.

ಶಿಂಷಾ ದಡ

ಮಕ್ಕಳಿಗೆ ಕಲ್ಲು ಓದುವುದು ಹೇಗೆ ಹೇಳಿಕೊಡುವುದು? ಅಕ್ಷರ ಬಿಟ್ಟು ಚಿತ್ರ ಮಾತ್ರ.

ಊರೆಲ್ಲೆ

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಮೊದಲು ಇದನ್ನು ಹೇಳಿಕೊಡಿ. ಸಾಮಾನ್ಯವಾಗಿ ಮೂರು ಪಟ್ಟಿ. ಕೆಳಗೆ ಕಾಳಗ. ನಡುವೆ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು. ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ವೀರ ಕೈಮುಗಿದು ಕೂತಿರುವುದು, ಪಕ್ಕದಲ್ಲಿ ನಂದಿ, ಪೂಜೆ ಮಾಡುವವನು. ಜೈನ ವೀರನಾದರೆ ಲಿಂಗದ ಜಾಗದಲ್ಲಿ ಜಿನ. ತುದಿಯಲ್ಲಿ ಸೂರ್ಯ, ಚಂದ್ರ: ಅವರಿರುವ ತನಕ ಈ ಹೆಸರು ಇರಲಿ ಅಂತ.

ಕೆಳಗಿನ ಪಟ್ಟಿಯಲ್ಲಿ ದನ ಇದ್ದರೆ ಅದು ತುರುಗೋಳು. ಊರಿನ ದನ ಹೊಡೆದುಕೊಂಡು ಹೋಗುವವರನ್ನು ಅಡ್ಡಗಟ್ಟಿ ಸತ್ತವನ ಕಲ್ಲು. ಹೆಂಗಸಿನ ಚಿತ್ರ ಕಾಳಗದ ನಡುವೆ ಇದ್ದರೆ ಪೆಣ್ಬುಯ್ಯಲು, ಹೆಣ್ಣುಮಕ್ಕಳ ಮಾನ ಕಾಯುವಾಗ ಸತ್ತದ್ದು. ಊರೇ ಹಾಳಾಗುವಾಗ ಹೋರಾಡಿದ್ದು ಊರಳಿವು. ಹುಲಿ, ಹಂದಿ ಇದ್ದರೆ ಬೇಟೆ. ಎಲ್ಲೆಗಾಗಿ ನಡೆದದ್ದು ಗಡಿ ಕಾಳಗ. ಇವರಲ್ಲಿ ಬಹುಪಾಲು ರಾಜರಲ್ಲ, ಗೌಡನ ಮಗ, ದನ ಕಾಯುವವನು, ಊರ ಕಾವಲಿನವನು. ಸತ್ತವನ ಮನೆಯವರಿಗೆ ಕೊಟ್ಟ ಭೂಮಿಗೆ ನೆತ್ತರುಗೊಡಗೆ ಅನ್ನುವ ಹೆಸರಿದೆ. ಈ ಒಂದು ಪದವನ್ನು ಮಕ್ಕಳು ಮನೆಗೆ ಕೊಂಡುಹೋದರೂ ಹಬ್ಬ ಮಾಡಿದ್ದು ಸಾರ್ಥಕ.

ಮಾಸ್ತಿಕಲ್ಲು ಗುರುತಿಸುವುದು ಸುಲಭ. ಕಂಬದಿಂದ ಚಾಚಿ ಮೊಣಕೈಯಲ್ಲಿ ಮೇಲಕ್ಕೆ ಬಾಗಿದ ಒಂದು ತೋಳು, ಬಳೆಗಳು, ಬೆರಳ ನಡುವೆ ನಿಂಬೆಹಣ್ಣು. ಅದನ್ನು ತೋರಿಸುವಾಗ ಹೊಗಳಿಕೆ ಬೇಡ, ಸತಿ ಹೋದ ಹೆಂಗಸಿನ ನೆನಪಿನ ಕಲ್ಲು ಅಂತ ಇದ್ದದ್ದು ಇದ್ದಹಾಗೆ ಹೇಳಿ, ಅವಳ ಹೆಸರಿದ್ದರೆ ಓದಿ.

ಊರ ಎಲ್ಲೆಯನ್ನೂ ನಡಿಗೆಗೆ ಸೇರಿಸಿ. ಹೊಲದ ಬದುವಿನಲ್ಲಿ ಲಿಂಗ ಕೆತ್ತಿದ ಗಿಡ್ಡ ಕಲ್ಲು ಇದ್ದರೆ ಅದು ಲಿಂಗಮುದ್ರೆ ಕಲ್ಲು, ಶಿವನ ಗುಡಿಗೆ ಬಿಟ್ಟ ಭೂಮಿಯ ಗಡಿ. ಕೊಡೆ ಹಿಡಿದ ಗುಜ್ಜಾರಿ (ಕುಳ್ಳ) ಇದ್ದರೆ ವಾಮನಮುದ್ರೆ, ಬ್ರಾಹ್ಮಣರಿಗೆ ಅಥವಾ ವಿಷ್ಣುವಿನ ಗುಡಿಗೆ ಬಿಟ್ಟದ್ದು. ಮೂರು ಕೊಡೆ ಇದ್ದರೆ ಮುಕ್ಕೊಡೆ ಕಲ್ಲು, ಬಸದಿಯದು. ನಡಿಗೆ ಒಂದೂವರೆ ಕಿಲೋಮೀಟರ್ ಮೀರಬಾರದು, ಆರು ನಿಲುಗಡೆ, ಒಂದೊಂದಕ್ಕೆ ಏಳು ನಿಮಿಷ. ಒಂದು ಗುಂಪಿಗೆ 25 ಜನ. ಅದಕ್ಕಿಂತ ಹೆಚ್ಚಾದರೆ ಹಿಂದಿನವರಿಗೆ ಕಲ್ಲೂ ಕಾಣದು, ಮಾತೂ ಕೇಳದು. ಬೆಳಿಗ್ಗೆ 7.30ಕ್ಕೆ ಮೊದಲ ಗುಂಪು, ಅರ್ಧ ಗಂಟೆಗೊಂದು ಗುಂಪು ಹೊರಡಲಿ. ಕಬ್ಬು ಕಡಿಯುವ ಕಾಲ, ದಾರಿಯಲ್ಲಿ ಟ್ರ್ಯಾಕ್ಟರ್ ಟ್ರೈಲರ್ ಓಡಾಟ ಇರುತ್ತದೆ. ಮುಂದೊಬ್ಬರು ಹಿಂದೊಬ್ಬರು ಕೆಂಪು ಬಾವುಟ ಹಿಡಿದಿರಲಿ.

ನಾಲೆ ಏರಿ

ನಾಟಕದ ಮಾತು ಬಂತಲ್ಲ. ಮದ್ದೂರು ಸೀಮೆ ಅಂದ ಮೇಲೆ ಆತಕೂರನ್ನು ಬಿಡೋಕಾಗುತ್ತಾ? ತಕ್ಕೋಲದ ಯುದ್ಧ ಆಡಿಸಿ. ಚೋಳರನ್ನ ನಮ್ಮವರು ಸೋಲಿಸಿದ್ದು, ಜನಕ್ಕೆ ರೋಮಾಂಚನ ಆಗುತ್ತೆ.

ಕಲ್ಬರಹ

ಆಡಿಸಿ, ಆದರೆ ಶಾಸನ ಹೇಳಿದ್ದನ್ನು ಆಡಿಸಿ.

ಆತಕೂರು ಶಾಸನದ ಕಾಲ ಶಕ 872, ಸೌಮ್ಯ ಸಂವತ್ಸರ, ಕ್ರಿ.ಶ. 949–50. ಫಲಕ ಬರೆಯುವವರು ಇಲ್ಲೇ ಎಡವುತ್ತಾರೆ. ಶಕಕ್ಕೆ 78 ಕೂಡಿಸಿ 950 ಅಂತ ಬರೆದುಬಿಡುತ್ತಾರೆ. ಇಲ್ಲಿ ಶಕವರ್ಷವನ್ನು ನಡೆಯುತ್ತಿರುವ ವರ್ಷವಾಗಿ ಎಣಿಸಿದೆ, ಕಳೆದ ವರ್ಷವಾಗಿ ಅಲ್ಲ. ತಾಳೆ ನೋಡಲು ಸಂವತ್ಸರದ ಹೆಸರು ಹಿಡಿಯಿರಿ. 1987ರ ಯುಗಾದಿಗೆ ಪ್ರಭವ ಶುರುವಾಯಿತು. ಸೌಮ್ಯ 43ನೆಯದು, ಅಂದರೆ 2029. ಅದರಿಂದ 60ರಂತೆ 18 ಸುತ್ತು, 1080 ಕಳೆದರೆ 949. ನಿಮ್ಮ ಊರಿನ ಕಲ್ಲಿಗೂ ಹೀಗೇ ಲೆಕ್ಕ ಹಾಕಿ ನೋಡಿ, ಪುಸ್ತಕದಲ್ಲಿ ಕೊಟ್ಟ ತೇದಿಯ ಜೊತೆ ಹೋಲಿಸಿ.

ಸಂಗತಿ ಹೀಗಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ ಚೋಳರ ರಾಜಾದಿತ್ಯನ ಮೇಲೆ ತಕ್ಕೋಲದಲ್ಲಿ ಯುದ್ಧ ಮಾಡಿದ. ತಕ್ಕೋಲ ಈಗಿನ ತಮಿಳುನಾಡಿನ ಅರಕ್ಕೋಣಂ ಹತ್ತಿರ. ಕೃಷ್ಣನ ಪರವಾಗಿ ಹೋರಾಡಿ ರಾಜಾದಿತ್ಯನನ್ನು ಕೊಂದವನು ಗಂಗರ ಇಮ್ಮಡಿ ಬೂತುಗ. ಅದಕ್ಕೆ ಮೆಚ್ಚಿ ಕೃಷ್ಣ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಎಂಬ ನಾಡುಗಳನ್ನು ಕೊಟ್ಟ (ಅಂಕೆ ಆ ನಾಡಿನ ಹೆಸರಿನ ಜೊತೆಗೇ ಬರುವಂಥದ್ದು). ಬೂತುಗನ ಕಡೆಯ ಮಣಲೆರ ಎಂಬ ವೀರ ಅದೇ ಯುದ್ಧದಲ್ಲಿ ಮುಂದೆ ನಿಂತು ಹೋರಾಡಿದ. ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಕೆಳಲೆ ನಾಡಿನ ಬೆಳ್ತೂರಿನ ಗುಡ್ಡದಲ್ಲಿ ಆ ನಾಯಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿ, ಹಂದಿ ಎರಡೂ ಒಂದನ್ನೊಂದು ಕೊಂದು ಸತ್ತವು. ಆ ನಾಯಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಎರಡು ಖಂಡುಗ ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ (ಗುಡಿಯ ಶೈವ ಪೂಜಾರಿ) ನಾಯಿ ಮಾಡಿದ ಪಾಪ ತಟ್ಟಲಿ ಅನ್ನುವ ಎಚ್ಚರಿಕೆಯೂ ಅದರಲ್ಲಿದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಎರಡು ರಾಜ್ಯಗಳ ಭವಿಷ್ಯ ತಿರುಗಿದ ಯುದ್ಧದ ಸುದ್ದಿಯೂ, ಒಂದು ನಾಯಿಯ ಸಾವೂ ಒಂದೇ ಕಲ್ಲಿನ ಮೇಲೆ. ಇದಕ್ಕಿಂತ ನಾಟಕ ಬೇಕೆ? ಕಾಳಿಯನ್ನು 'ಮುಧೋಳ ತಳಿ' ಅಂತ ಫಲಕದಲ್ಲಿ ಬರೆಯಬೇಡಿ, ಶಾಸನ ತಳಿ ಹೇಳುವುದಿಲ್ಲ.

ಮತ್ತೆ, 'ನಮ್ಮವರು ಅವರನ್ನು ಸೋಲಿಸಿದ್ದು' ಅನ್ನುವ ಧಾಟಿ ಬೇಡ ಅಣ್ಣ. ಚೋಳರ ಕಡೆಯ ಶಾಸನಗಳು ರಾಜಾದಿತ್ಯನನ್ನು 'ಆನೆಯ ಮೇಲೆ ಮಲಗಿದ ದೇವ' ಅಂತ ನೆನೆಯುತ್ತವೆ. ಆ ಕಡೆಯವರಿಗೂ ಅವನು ವೀರನೇ. ನಾಟಕದಲ್ಲಿ ರಾಜಾದಿತ್ಯ ಬಿದ್ದ ಮೇಲೆ ಒಂದು ಗಳಿಗೆ ತಮಟೆ ನಿಲ್ಲಲಿ, ಈ ಮಾತನ್ನು ಒಬ್ಬರು ಹೇಳಲಿ.

ಊರೆಲ್ಲೆ

ಇದಕ್ಕೆ ಒಂದು ಸೇರಿಸುತ್ತೇನೆ. ಗಡಿನಾಡಿನ ಮಣ್ಣಿನಲ್ಲಿ ಎರಡೂ ಕಡೆಯ ಅಕ್ಷರ ಇರುತ್ತದೆ. 11ನೇ ಶತಮಾನದ ಮೊದಲಿನಲ್ಲಿ ತಲಕಾಡು ಚೋಳರ ಕೈಸೇರಿ ರಾಜರಾಜಪುರ ಆಯಿತು. 1116ರ ಹೊತ್ತಿಗೆ ವಿಷ್ಣುವರ್ಧನ ಅದನ್ನು ಗೆದ್ದು 'ತಲಕಾಡುಗೊಂಡ' ಅನ್ನಿಸಿಕೊಂಡ, ಕೀರ್ತಿನಾರಾಯಣನ ಗುಡಿ ಆ ಗೆಲುವಿನ ನೆನಪಿನದು. ನೂರು ವರ್ಷದ ಆ ಅವಧಿಯ ತಮಿಳು ಶಾಸನ ಕಾವೇರಿ ದಡದ ಊರುಗಳಲ್ಲಿ ಸಾಕಷ್ಟಿವೆ, ಆಮೇಲಿನ ಹೊಯ್ಸಳರ ಕಾಲದವು ತೊಣ್ಣೂರಿನಲ್ಲೂ ಇವೆ. ನಿಮ್ಮೂರಿನ ಕಲ್ಲಿನಲ್ಲಿ ತಮಿಳು ಅಥವಾ ಗ್ರಂಥ ಲಿಪಿ (ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯುತ್ತಿದ್ದ ಲಿಪಿ) ಕಂಡರೆ ಅದನ್ನು ಬದಿಗೆ ಸರಿಸಬೇಡಿ. ಅದೂ ಊರಿನದೇ ಆಸ್ತಿ, ಅದಕ್ಕೂ ಫಲಕ ಬೇಕು.

ಶಿಂಷಾ ದಡ

ಮಕ್ಕಳಿಗೆ ಕಲ್ಲಿನ ಅಚ್ಚು ತೆಗೆಯುವುದನ್ನು ತೋರಿಸಬಹುದಾ?

ಕಲ್ಬರಹ

ಅಸಲಿ ಕಲ್ಲಿನ ಮೇಲೆ ಬೇಡ. ಊರಿನ ಕಲ್ಲುಕುಟಿಗರ ಹತ್ತಿರ ಎರಡಡಿ ಉದ್ದ, ಒಂದಡಿ ಅಗಲದ ಚಪ್ಪಡಿಯಲ್ಲಿ ನಿಮ್ಮೂರ ಶಾಸನದ ಎರಡು ಸಾಲು ಹಳಗನ್ನಡ ಲಿಪಿಯಲ್ಲೇ ಕೆತ್ತಿಸಿ. ಪುಸ್ತಕದಲ್ಲಿ ಶಾಸನದ ಚಿತ್ರ ಇದ್ದರೆ ಅದನ್ನು ದೊಡ್ಡದು ಮಾಡಿ ಅಂಟಿಸಿ ಕೆತ್ತಿದರಾಯಿತು. ಅಕ್ಷರ ಎರಡು ಅಂಗುಲ ಎತ್ತರ, ಆಳ ಒಂದು ನೂಲಿನಷ್ಟು (ಅಂಗುಲದ ಎಂಟನೇ ಒಂದು ಭಾಗ). ಇನ್ನೂ ಆಳವಾದರೆ ಕಾಗದ ಹರಿಯುತ್ತದೆ.

ಕಲ್ಲು ಒದ್ದೆ ಮಾಡಿ, ಮ್ಯಾಪ್ಲಿಥೊ ಕಾಗದವನ್ನು (ಮುದ್ರಣಕ್ಕೆ ಬಳಸುವ ಬಿಳಿ ಕಾಗದ) ನೀರಲ್ಲಿ ಅದ್ದಿ ತೆಗೆದು ಮೇಲೆ ಹಾಸಿ. ನಡುವಿನಿಂದ ಅಂಚಿಗೆ ಗಾಳಿ ಹೊರಡಿಸುತ್ತ ಗಟ್ಟಿ ಬ್ರಷ್‌ನಲ್ಲಿ ನೇರಕ್ಕೆ ಬಡಿಯಿರಿ, ಎಳೆಯಬೇಡಿ. ಕಾಗದ ಅಕ್ಷರದೊಳಕ್ಕೆ ಕೂತ ಮೇಲೆ ಅರೆತೇವ ಆಗುವ ತನಕ ಕಾಯಿರಿ. ಎಲ್ಲರೂ ತಪ್ಪುವುದು ಈ ಕಾಯುವ ಹಂತದಲ್ಲೇ. ಹಸಿ ಇದ್ದಾಗಲೇ ಮಸಿ ಒತ್ತಿದರೆ ಹರಡಿಕೊಂಡು ಕಾಗದವೆಲ್ಲ ಕರಿ. ಪೂರ್ತಿ ಒಣಗಿದರೆ ಕಾಗದ ಸುರುಳಿಯಾಗಿ ಕಲ್ಲು ಬಿಟ್ಟು ಏಳುತ್ತದೆ. ಬೆರಳಿಟ್ಟರೆ ತಂಪು, ಆದರೆ ನೀರು ಅಂಟಬಾರದು, ಆಗ ಸರಿ. ಜನವರಿಯ ಬೆಳಗಿನ ನೆರಳಲ್ಲಿ ಇದಕ್ಕೆ 20 ನಿಮಿಷ ಹಿಡಿಯಬಹುದು, ಬಿಸಿಲಲ್ಲಿ ಐದೇ ನಿಮಿಷ. ಕಾಡಿಗೆ ಮಸಿಯನ್ನು ಬಟ್ಟೆಯ ಉಂಡೆಯಲ್ಲಿ ಹಿಡಿದು, ಮೊದಲು ತಟ್ಟೆಯಲ್ಲಿ ತಟ್ಟಿ ಹೆಚ್ಚಿನದನ್ನು ಕಳೆದು, ಆಮೇಲೆ ಕಾಗದದ ಮೇಲೆ ಹಗುರಕ್ಕೆ ಒತ್ತಿ. ಅಕ್ಷರ ಬಿಳಿಯಾಗಿ, ಸುತ್ತ ಕರಿಯಾಗಿ ಮೂಡುತ್ತದೆ. ಒಂದು ಚಪ್ಪಡಿಯಲ್ಲಿ ಗಂಟೆಗೆ ಎರಡೋ ಮೂರೋ ಅಚ್ಚು, ಅಷ್ಟೇ. ಮಕ್ಕಳು ಹೆಚ್ಚಿದ್ದರೆ ಮೂರು ಚಪ್ಪಡಿ ಕೆತ್ತಿಸಿ.

ಸಂಜೆ ಒಂದು ಕೆಲಸ ತಪ್ಪದೆ ಮಾಡಿ. ಆ ಹೊತ್ತಿನಲ್ಲಿ ಸೂರ್ಯ 6.20ರ ಸುಮಾರಿಗೆ ಮುಳುಗುತ್ತಾನೆ. 6.45ಕ್ಕೆ ಸುತ್ತಲ ದೀಪ ಆರಿಸಿ, ವೀರಗಲ್ಲಿಗೆ ಪಕ್ಕದಿಂದ ಒಂದೇ ಬೆಳಕು ಹಾಯಿಸಿ, ಶಾಸನವನ್ನು ಒಬ್ಬರು ಇದ್ದಹಾಗೆ ಓದಲಿ, ಇನ್ನೊಬ್ಬರು ಹೊಸಗನ್ನಡದಲ್ಲಿ ಹೇಳಲಿ. ಹತ್ತು ನಿಮಿಷ ಸಾಕು. ಭಾಷಣವೆಲ್ಲ ಇದಕ್ಕೆ ಮೊದಲೇ ಮುಗಿಸಿ.

ತಮಟೆ ತಾಳ

ಕುಣಿತದ ತಂಡದ ಬಗ್ಗೆ ಯಾರೂ ಹೇಳ್ಲಿಲ್ಲ, ಹೇಳ್ತೀನಿ.

ಪಟ ಕುಣಿತ, ನಂದಿಕಂಬ ಇಟ್ಕೊಂಡ್ರೆ ಮೊದಲು ಬೀದಿ ಮೇಲಿನ ಕರೆಂಟ್ ತಂತಿ ನೋಡಿ. ಪಟದ ಕೋಲು ಹತ್ತು ಹದಿನೈದು ಅಡಿ, ನಂದಿಕಂಬ ಅದಕ್ಕೂ ಎತ್ತರ, ತುದೀಲಿ ಲೋಹದ ಕಳಶ. ಕುಣಿಯುವಾಗ ಕೋಲನ್ನ ಅಂಗೈ ಮೇಲೆ, ಹಲ್ಲಿನ ಮೇಲೆ ನಿಲ್ಲಿಸ್ತಾರೆ, ಇನ್ನೂ ಆರಡಿ ಮೇಲಕ್ಕೆ ಹೋಯ್ತು ಅಂತ ಲೆಕ್ಕ. ಮೆರವಣಿಗೆ ದಾರಿ ಒಂದು ವಾರ ಮೊದಲೇ ನಡೆದು ನೋಡಿ, ತಂತಿ ಅಡ್ಡ ಬರೋ ಕಡೆ ಸುಣ್ಣದಲ್ಲಿ ಗುರುತು ಹಾಕಿ, ಅಲ್ಲಿ ಕೋಲು ಮಲಗಿಸ್ಕೊಂಡು ದಾಟಬೇಕು. ಆ ಹೊತ್ತಿಗೆ ಲೈನ್ ಆಫ್ ಮಾಡ್ಸೋಕೆ ಸೆಸ್ಕ್ (ಕರೆಂಟ್ ಕಂಪನಿ) ಕಚೇರಿಗೆ ಬರೆದು ಕೊಡಿ, ಬಾಯಲ್ಲಿ ಹೇಳಿದ್ರೆ ಸಾಲದು.

ಕಂಸಾಳೆಗೆ 20 ಅಡಿ ಅಡ್ಡಳತೆಯ ಖಾಲಿ ಜಾಗ ಬೇಕು. ಕಂಚಿನ ಬಟ್ಟಲು ಬೀಸಿ ಹೊಡೆಯೋದು, ಮಕ್ಕಳು ಹತ್ತಿರ ಕೂತ್ರೆ ಅಪಾಯ. ಹಗ್ಗ ಕಟ್ಟಿ. ಸಿಮೆಂಟ್ ನೆಲಕ್ಕಿಂತ ನೀರು ಚಿಮುಕಿಸಿದ ಮಣ್ಣಿನ ನೆಲ ಕಾಲಿಗೆ ಒಳ್ಳೇದು. ಎತ್ತರದ ವೇದಿಕೆ ಮೇಲೆ ಕಂಸಾಳೆ ಹಾಕ್ಬೇಡಿ, ಜನದ ನಡುವೆ ಆಡೋ ಕಲೆ ಅದು.

ತಮಟೆ ಚರ್ಮ ಬೆಳಗಿನ ಮಂಜಿಗೆ ಸಡಿಲ ಆಗುತ್ತೆ, ದನಿ ಸಾಯುತ್ತೆ. ಬಾರಿಸೋಕೆ ಮುಂಚೆ ಹುಲ್ಲು ಹೊತ್ತಿಸಿ ಕಾಯಿಸ್ಬೇಕು. ಅದಕ್ಕೊಂದು ಜಾಗ, ಒಂದು ಹೊರೆ ಒಣಹುಲ್ಲು ಇಟ್ಟಿರಿ, ಶಾಮಿಯಾನದಿಂದ, ಬಣವೆಯಿಂದ ದೂರ. ಗಂಟೆಗೊಮ್ಮೆ ಕಾಯಿಸೋಕೆ ಬಿಡುವು ಕೊಡಿ.

ಸೋಮನ ಕುಣಿತ ಬೇಕು ಅಂದ್ರೆ ಮೊದಲು ದೇವರ ಒಕ್ಕಲಿನವರನ್ನ ಕೇಳಿ. ಆ ಮುಖವಾಡ ಪೂಜೆ ಮಾಡಿ ಇಟ್ಟಿರೋದು, ಅಮ್ಮನ ಹಬ್ಬ ಬಿಟ್ಟು ಬೇರೆ ದಿನ ಹೊರಗೆ ತೆಗೆಯೋ ಪದ್ಧತಿ ಇಲ್ಲದ ಊರುಗಳಿವೆ. ಇಲ್ಲ ಅಂದ್ರೆ ಒತ್ತಾಯ ಬೇಡ.

ಕೊನೇದು, ಇದು ನಿಜಕ್ಕೂ ಮುಖ್ಯ. ತಮಟೆಯವರು ಬಂದ್ರೆ ಊಟ ಎಲ್ಲರ ಪಂಕ್ತೀಲೇ ಆಗಬೇಕು, ಕೂರೋಕೆ ಕುರ್ಚಿ ಇರ್ಬೇಕು, ಸಂಭಾವನೆ ಕುಣಿತ ಮುಗಿದ ತಕ್ಷಣ ಕೈಗೆ ಸಿಗಬೇಕು. ಕಾರ್ಡಿನಲ್ಲಿ ಅತಿಥಿಗಳ ಹೆಸರಿರೋ ಹಾಗೇ ಕಲಾವಿದರ ಹೆಸರೂ ಇರ್ಲಿ. ಊರನ್ನ ಕಾದವರ ನೆನಪಿನ ಹಬ್ಬ ಅಂತ ಹೇಳಿ ಅವರನ್ನ ಹೊರಗೆ ನಿಲ್ಲಿಸಿದ್ರೆ ಆ ಹಬ್ಬಕ್ಕೆ ಅರ್ಥ ಇಲ್ಲ. ನೆರವಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಂಡ್ಯ ಕಚೇರಿಗೆ ಮೊದಲೇ ಅರ್ಜಿ ಹಾಕಿ.

ಗುಡಿ ಬೀದಿ

ತುಂಬ ಒಳ್ಳೇ ಮಾತು ಹೇಳಿದ್ರಿ. ಸೋಬಾನೆ ಹಾಡೋ, ರಾಗಿ ಕಲ್ಲಿನ ಪದ ಹೇಳೋ ಅಜ್ಜಿಯರನ್ನೂ ಮರೀಬೇಡಿ. ಅವರಿಗೆ ಮೈಕ್ ಕೊಟ್ರೆ ದನಿ ನಿಂತುಹೋಗುತ್ತೆ. ನಿಜವಾದ ರಾಗಿ ಕಲ್ಲು ಹಾಕಿ, ಎರಡು ಸೇರು ರಾಗಿ ಕೊಟ್ಟು, ಇಬ್ಬಿಬ್ಬರನ್ನ ಎದುರುಬದುರು ಕೂರಿಸಿ. ಕಲ್ಲು ತಿರುಗಿದ್ರೆ ಪದ ತಾನೇ ಬರುತ್ತೆ. ಫೋನಲ್ಲಿ ಧ್ವನಿ ಹಿಡಿದು ಅದೇ ದಿನ ಹಾಡಿದವರ ಹೆಸರು, ತವರೂರು ಬರೆದಿಟ್ಕೊಳ್ಳಿ. ತವರೂರು ಯಾಕೆ ಅಂದ್ರೆ ಪದ ಬಂದಿರೋದು ಅಲ್ಲಿಂದ.

ಹಿಟ್ಟಿನ ಕೋಲು

300 ಜನದ ಊಟ. ಮುದ್ದೆ, ಹುರುಳಿಕಾಳು ಉಪ್ಸಾರು, ಅನ್ನ, ಮಜ್ಜಿಗೆ ಅಂತ ಇಟ್ಟುಕೊಳ್ಳಿ.

ಒಂದು ಮುದ್ದೆಗೆ 100 ಗ್ರಾಂ ಹಿಟ್ಟು. ಸರಾಸರಿ ತಲೆಗೆ ಒಂದೂವರೆ ಅಂದರೆ 450 ಮುದ್ದೆ, 45 ಕಿಲೊ ಹಿಟ್ಟು. ಎರಡು ಕಿಲೊ ಕೈಯಲ್ಲಿರಲಿ. ಒಂದು ಕಿಲೊ ಹಿಟ್ಟಿಗೆ ಎರಡು ಲೀಟರ್ ಚಿಲ್ಲರೆ ನೀರು. ಹೊಸ ರಾಗಿಯ ಹಿಟ್ಟಾದರೆ ನೀರು ಕೊಂಚ ಕಡಿಮೆ, ಇಲ್ಲದಿದ್ದರೆ ಮುದ್ದೆ ನಿಲ್ಲದೆ ಹರಡುತ್ತೆ. ಒಂದು ಸಲಕ್ಕೆ 5 ಕಿಲೊ ಮೇಲೆ ಹಾಕಬೇಡಿ. ಹತ್ತು ಕಿಲೊ ಒಟ್ಟಿಗೆ ಹಾಕಿದರೆ ಕೋಲು ತಳಕ್ಕೆ ಮುಟ್ಟಲ್ಲ, ನಡುವೆ ಗಂಟು, ಒಳಗೆ ಹಸಿ ಹಿಟ್ಟು. ನೀರಿಗೆ ಮೊದಲು ಒಂದು ಹಿಡಿ ಹಿಟ್ಟು ಕದಡಿ ಕುದಿಸಿ, ಉಕ್ಕು ಬಂದಾಗ ಹಿಟ್ಟು ಸುರಿದು, ಕೋಲಿನಲ್ಲಿ ನಡುವೆ ಕುಳಿ ಮಾಡಿ ಉರಿ ತಗ್ಗಿಸಿ ಬೇಯಲು ಬಿಡಿ. ಹತ್ತು ನಿಮಿಷ ಆದಮೇಲೆ ತೊಳಸಿ. ಮೂರು ಒಲೆ, ತೊಳಸಲು ಆರು ಜನ. ಊಟಕ್ಕೆ ಕೂರುವ ಅರ್ಧ ಗಂಟೆ ಮೊದಲಷ್ಟೇ ಶುರು ಮಾಡಿ, ಮುದ್ದೆ ಕಾದರೆ ಬಿರುಕು ಬಿಡುತ್ತೆ.

ಹುರುಳಿಕಾಳು ತಲೆಗೆ 40 ಗ್ರಾಂ, 12 ಕಿಲೊ. ಹಿಂದಿನ ರಾತ್ರಿ ನೆನೆಹಾಕಿ. ಬೇಯಿಸಿ ಕಟ್ಟು ಬಸಿದು, ಕಾಳಿಗೆ ಒಗ್ಗರಣೆ, ಕಟ್ಟಿಗೆ ಉಪ್ಪು. ಖಾರ ಬೇರೆ ಅರೆದು ಎಲೆಯ ಅಂಚಿಗೆ ಬಡಿಸಿ: ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ, ಉಪ್ಪು. ಖಾರವನ್ನ ಕಟ್ಟಿಗೇ ಕಲಸಿಬಿಟ್ಟರೆ ಮಕ್ಕಳು, ವಯಸ್ಸಾದವರು ಉಣ್ಣಲ್ಲ. ಮಜ್ಜಿಗೆಗೆ 18 ಲೀಟರ್ ಮೊಸರು ಸಾಕು. ಕುಡಿಯುವ ನೀರು ತಲೆಗೆ ಎರಡು ಲೀಟರ್ ಲೆಕ್ಕ. ಮುತ್ತುಗದ ಎಲೆ ಸಿಕ್ಕಿದರೆ ಅದೇ ತನ್ನಿ. ಬಿಸಿ ಮುದ್ದೆ ಪ್ಲಾಸ್ಟಿಕ್ ಹಾಳೆಯ ತಟ್ಟೆಗೆ ಹಾಕಬೇಡಿ.

ಮೈಸೂರು ದಫ್ತರ

ಕಾಗದಪತ್ರದ ವಿಷಯ. ಗುಡಿ ಅಥವಾ ಕಲ್ಲು ಸಂರಕ್ಷಿತ ಸ್ಮಾರಕವೇ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಕೇಂದ್ರದ್ದಾದರೆ 1958ರ ಕಾಯಿದೆ, ರಾಜ್ಯದ್ದಾದರೆ 1961ರದು. ಸಂರಕ್ಷಿತವಾಗಿದ್ದರೆ ಆವರಣದೊಳಗೆ ಕಾರ್ಯಕ್ರಮಕ್ಕೆ ಇಲಾಖೆಯ ಲಿಖಿತ ಅನುಮತಿ ಬೇಕು. ಕೇಂದ್ರದ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡಕ್ಕೆ ನಿಷೇಧ, ಅದರಾಚೆ 200 ಮೀಟರ್ ನಿರ್ಬಂಧಿತ, ಹಾಗಾಗಿ ಕಟ್ಟೆ, ಕಮಾನು ಯೋಚನೆಯೇ ಬೇಡ. ಸಂರಕ್ಷಿತವಲ್ಲದಿದ್ದರೆ ಗ್ರಾಮ ಪಂಚಾಯಿತಿ, ಗುಡಿ ಮುಜರಾಯಿಗೆ ಸೇರಿದ್ದರೆ ತಹಶೀಲ್ದಾರ್ ಕಚೇರಿಗೂ ಪತ್ರ. ಕಲ್ಲನ್ನು ಜಾಗ ಬದಲಿಸುವುದು ಎರಡೂ ಸಂದರ್ಭದಲ್ಲಿ ಬೇಡ. ನಿಂತ ಜಾಗವೂ ಚರಿತ್ರೆಯೇ. ರಸ್ತೆ ಅಗಲ ಮಾಡುವ ಒತ್ತಡ ಬಂದರೆ ಮೊದಲು ಇಲಾಖೆಗೆ ತಿಳಿಸಿ.

ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯಿಂದ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಹಾಕುವಂತಿಲ್ಲ. ದಿನ ಗೊತ್ತು ಮಾಡುವ ಮೊದಲು ಸುತ್ತಲ ಏಳೆಂಟು ಊರಿನ ಜಾತ್ರೆ, ಮಾರಿಹಬ್ಬದ ದಿನ ಕೇಳಿಕೊಳ್ಳಿ. ಕುಣಿತದ ತಂಡ, ಶಾಮಿಯಾನ, ಅಡುಗೆಯವರು ಎಲ್ಲ ಅಲ್ಲಿಗೇ ಹೋಗಿಬಿಡುತ್ತಾರೆ.

ಊರೆಲ್ಲೆ

ಹಳೆ ಸಾಮಾನಿನ ಪ್ರದರ್ಶನ ಇಟ್ಟರೆ ಅಳತೆ ಪಾತ್ರೆಗಳಿಗೇ ಮೊದಲ ಜಾಗ ಕೊಡಿ. ಪಾವು, ಸೇರು, ಬಳ್ಳ, ಕೊಳಗ. ನಾಲ್ಕು ಬಳ್ಳಕ್ಕೆ ಒಂದು ಕೊಳಗ, 20 ಕೊಳಗಕ್ಕೆ ಒಂದು ಖಂಡುಗ. ಶಾಸನದ 'ಎರಡು ಖಂಡುಗ ಭೂಮಿ' ಅಂದರೆ ಅಷ್ಟು ಬಿತ್ತನೆ ಹಿಡಿಯುವ ನೆಲ ಅಂತ 40 ಕಾಳಿನ ಗುಡ್ಡೆ ಮಾಡಿ ತೋರಿಸಿ, ಗುಡ್ಡೆಗೆ ಒಂದು ಕೊಳಗ. ಕೊಳಗದ ಗಾತ್ರ ಸೀಮೆಯಿಂದ ಸೀಮೆಗೆ ಬೇರೆ ಇತ್ತು, ಆದ್ದರಿಂದ ಕಿಲೊ ಲೆಕ್ಕ ಫಲಕದಲ್ಲಿ ಬೇಡ.

ಸಾಮಾನು ತಂದವರ ಹೆಸರನ್ನು ಪುಸ್ತಕದಲ್ಲಿ ಬರೆದು, ಅದೇ ಸಂಖ್ಯೆಯ ಚೀಟಿಯನ್ನು ದಾರದಲ್ಲಿ ಕಟ್ಟಿ, ಅಂಟಿಸಬೇಡಿ, ಗೋಂದು ಮರದ ಬಣ್ಣ ಕಿತ್ತುಕೊಂಡು ಬರುತ್ತದೆ. ಸಂಜೆಯ ಓದು ಮುಗಿದ ಮೇಲೆ ಅವರವರ ಕೈಗೇ ಕೊಟ್ಟು ಸಹಿ ಹಾಕಿಸಿಕೊಳ್ಳಿ.

ಶಿಂಷಾ ದಡ

ಎಲ್ಲರಿಗೂ ಕೈಮುಗಿದೆ. ಬಣ್ಣದ ಡಬ್ಬ ವಾಪಸ್ ಕೊಡಲು ಹೇಳಿಯಾಯಿತು. ಸಂಪುಟ 7ರಲ್ಲಿ ಊರಿನ ಹೆಸರು ಸಿಕ್ಕಿದೆ, ಒಂದು ಕಲ್ಲಿನ ಪಾಠ ಇದೆ, ತುರುಗೋಳು. ಇನ್ನೊಂದು ಕಲ್ಲಿನದು ಇಲ್ಲ. ಅದಕ್ಕೆ ಓರೆಬೆಳಕಿನ ಫೋಟೊ ತೆಗೆಸುತ್ತೇವೆ. ಪಟ್ಟಿಯ ಅಳತೆಯನ್ನೂ ಕಳಿಸಬೇಕಾ?

ಕಲ್ಬರಹ

ಕಳಿಸಿ. ಕಲ್ಲಿನ ಎತ್ತರ, ಅಗಲ, ದಪ್ಪ, ಎಷ್ಟು ಸಾಲು, ಯಾವ ದಿಕ್ಕಿಗೆ ಮುಖ ಮಾಡಿದೆ, ಗುಡಿಯಿಂದ ಎಷ್ಟು ಹೆಜ್ಜೆ. ಫೋಟೊದಲ್ಲಿ ಕಲ್ಲಿನ ಪಕ್ಕ ಒಂದು ಅಡಿಪಟ್ಟಿ ನಿಲ್ಲಿಸಿ. ಒಂದು ಪೂರ್ತಿ ಕಲ್ಲಿನ ಫೋಟೊ, ಆಮೇಲೆ ಒಂದೊಂದು ಸಾಲನ್ನೂ ಹಿಂದಿನ ಫೋಟೊದ ಅರ್ಧ ಭಾಗ ಸೇರುವಂತೆ ಎಡದಿಂದ ಬಲಕ್ಕೆ ತೆಗೆಯಿರಿ. ಕಲ್ಲಿನ ಬದಿಯನ್ನೂ ಹಿಂಬದಿಯನ್ನೂ ಬಿಡಬೇಡಿ, ಮುಂದೆ ಜಾಗ ಸಾಲದಿದ್ದಾಗ ಬರೆದವನು ಅಲ್ಲಿ ಮುಂದುವರಿಸಿರುತ್ತಾನೆ.